ಖಾಲಿ ತೋಟಾದ ಬೆಲೆ

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಸೀಮೆಯ ಹಳೆಯ ಮನೆಗಳ ನಾಗಂದಿಗೆ ಮೇಲೆ ಹುಡುಕಿದರೆ ಸೇರು, ಕಂದೀಲು, ತುಕ್ಕು ಹಿಡಿದ ಬೀಗಗಳ ನಡುವೆ ಒಮ್ಮೊಮ್ಮೆ ಹಿತ್ತಾಳೆ ತಳದ, ಕಾಗದದ ಮೈಯ ಕೊಳವೆಯೊಂದು ಸಿಗುತ್ತದೆ. ಹೆಬ್ಬೆರಳಿನಷ್ಟು ದಪ್ಪ. ಅದು ಕೋವಿಯ ತೋಟಾ. ಕಾಡತೂಸು ಅಂತಲೂ ಅನ್ನುತ್ತಾರೆ. ನಮ್ಮಪ್ಪನಿಗೆ ಲೈಸೆನ್ಸಿನ ಕೋವಿ ಇತ್ತು. ಕೋವಿ ಎಂದೋ ಠಾಣೆ ಸೇರಿತು. ಹೋದ ವರ್ಷ ಮನೆ ಸುಣ್ಣ ಬಳಿಯುವಾಗ ಮೂರು ತೋಟಾ ಸಿಕ್ಕವು. ಎರಡು ತುಂಬಿದವು, ಒಂದು ಖಾಲಿ.

ಮಕ್ಕಳೇ, ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಹಳೆಯದಾದ ಮಾತ್ರಕ್ಕೆ ತೋಟಾ ಸತ್ತಿರುವುದಿಲ್ಲ. ತಳದ ನಡುವಿನ ಕೇಪಿನಲ್ಲಿ ಕುಳಿ ಬಿದ್ದಿದ್ದರೂ ಅದು ಹಾರದೇ ಉಳಿದಿರಬಹುದು. ಬಾಯಿ ತೆರೆದು ಒಳಗೆ ಬರಿದಾಗಿದ್ದರೆ ಮಾತ್ರ ಖಾಲಿ. ತುಂಬಿದ್ದನ್ನು ಬಿಚ್ಚಬಾರದು, ಕುಟ್ಟಬಾರದು, ಒಲೆಯ ಹತ್ತಿರ ಒಯ್ಯಬಾರದು. ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಲು, ಮಾರಲು 1959ರ ಶಸ್ತ್ರಾಸ್ತ್ರ ಕಾಯ್ದೆ ಬಿಡುವುದೂ ಇಲ್ಲ. ನಾವು ಠಾಣೆಗೆ ಫೋನ್ ಮಾಡಿದೆವು, ಅವರೇ ಬಂದು ಒಯ್ದರು.

ಒಯ್ಯುವ ಮೊದಲು ದೂರದಿಂದಲೇ ಓದಿಕೊಂಡೆವು. ತಳದಲ್ಲಿ 12 ಎಂದಿತ್ತು. ಇದೊಂದು ತಮಾಷೆಯ ಲೆಕ್ಕ. ಒಂದು ಪೌಂಡು ಸೀಸವನ್ನು 12 ಸಮ ಗುಂಡುಗಳಾಗಿ ಮಾಡಿದರೆ ಒಂದು ಗುಂಡು ಎಷ್ಟು ದಪ್ಪವೋ ನಳಿಗೆಯ ಬಾಯಿಯೂ ಅಷ್ಟೇ, ಸುಮಾರು 18.5 ಮಿಲಿಮೀಟರ್. ಹಾಗಾಗಿ 16 ನಂಬರಿನದು ದೊಡ್ಡದಲ್ಲ, ಸಣ್ಣದು!

ಸುತ್ತಲಿನ ಅಕ್ಷರ ಕಾಲ ಹೇಳುತ್ತದೆ. ಈಲಿ ಲಂಡನ್ನಿನ ಕಂಪನಿ, ಕೈನಾಕ್ ಬರ್ಮಿಂಗ್‌ಹ್ಯಾಮಿನದು. ಮೊದಲ ಮಹಾಯುದ್ಧದ ನಂತರ ಎರಡೂ ಒಂದಾದವು. 1926ರಲ್ಲಿ ಐಸಿಐ ಕಂಪನಿಯ ಪಾಲಾದವು. ಐಸಿಐ ಎಂದಿದ್ದರೆ ಅದಕ್ಕಿಂತ ಹಿಂದಿನದಲ್ಲ. ತಳದ ಪಕ್ಕದಲ್ಲಿ ಮೊಳೆ ಚಾಚಿದ್ದರೆ ಇನ್ನೂ ಹಳೆಯ ಬಗೆ, ಅಪರೂಪ. ಪ್ಲಾಸ್ಟಿಕ್ ಮೈ ಬಂದದ್ದು 1960ರ ದಶಕದಿಂದ ಈಚೆಗೆ. ಶಕ್ತಿಮಾನ್ ಎಂದಿದ್ದರೆ ಟಿ.ವಿ.ಯವನು ಅಂದುಕೊಳ್ಳಬೇಡಿ, ಅದು ಪುಣೆಯ ಖಡಕಿ ಕಾರ್ಖಾನೆಯ ತೋಟಾದ ಹೆಸರು.

ಕಾಗದದ ಮೈಮೇಲೆ ಮಾರಿದವರ ಹೆಸರೂ ಅಚ್ಚಾಗಿರುತ್ತಿತ್ತು. ನಮ್ಮದರಲ್ಲಿ ಹೆಸರು ಅಳಿಸಿ ಮದರಾಸು ಅಂತ ಊರಷ್ಟೇ ಉಳಿದಿದೆ. 1953ರವರೆಗೆ ಬಳ್ಳಾರಿ ಜಿಲ್ಲೆ ಮದರಾಸಿಗೇ ಸೇರಿತ್ತಲ್ಲ! ಗಡಿಯಾರಕ್ಕೆ ಹೆಸರಾದ ಅಲ್ಲಿನ ಪಿ. ಓರ್ ಅಂಡ್ ಸನ್ಸ್ ಅಂಗಡಿ ಕೋವಿಗಳನ್ನೂ ಮಾರುತ್ತಿತ್ತು.

ತುಂಬಿದ ತೋಟಾದ ಬಾಯಿ ಮುಚ್ಚಿದ ರಟ್ಟಿನ ಬಿಲ್ಲೆಗಳಲ್ಲಿ ಒಂದರ ಮೇಲೆ 6, ಇನ್ನೊಂದರ ಮೇಲೆ ಎಸ್‌ಜಿ ಎಂದಿತ್ತು. 6 ಅಂದರೆ ಸಜ್ಜೆ ಕಾಳಿನಷ್ಟು ಚರೆ, ಕೌಜುಗದಂಥ ಹಕ್ಕಿಗೆ. ಎಸ್‌ಜಿ ಅಂದರೆ ಕಡಲೆ ಕಾಳಿನಷ್ಟು, ಹಂದಿಗೆ, ಕರಡಿಗೆ. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಪ್ಪ ಬೇಟೆ ಬಿಟ್ಟರು. ಕೂಡ್ಲಿಗಿಯ ಗುಡೇಕೋಟೆ ಗುಡ್ಡಗಳು 2013ರಲ್ಲಿ ಕರಡಿಧಾಮವಾದವು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ, ಹಕ್ಕಿಗಳ ದೆಸೆಯಿಂದ, 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಆ ಎಸ್‌ಜಿ ತೋಟಾ ಹಾರದೇ ಉಳಿದದ್ದಕ್ಕೆ ಯಾವುದೋ ಕರಡಿ ಬದುಕಿತೋ ಏನೋ.

ಉಳಿದ ಖಾಲಿ ತೋಟಾ ಹಿಡಿದು ಮೊಮ್ಮಗ, "ಅಜ್ಜಾ, ಮಾರಿದ್ರೆ ಎಷ್ಟು ಬರ್ತತಿ?" ಅಂದ. ಸಂಗ್ರಹಕಾರರು ನೋಡುವುದು ಅಪರೂಪದ ಅಳತೆ, ಮಾಸದ ಅಚ್ಚು, ಪೂರ್ತಿ ಓದಲು ಬರುವ ಅಂಗಡಿಯ ಹೆಸರು. ನಮ್ಮದು ಎಲ್ಲರಲ್ಲೂ ಇದ್ದ 12 ನಂಬರು, ಕಾಗದ ಉಬ್ಬಿದೆ, ಹೆಸರು ಹೋಗಿದೆ. ಹಿತ್ತಾಳೆಯ ತೂಕಕ್ಕೆ ಗುಜರಿಯವನು ಒಂದು ಚಹಾದ ದುಡ್ಡೂ ಕೊಡಲಾರ. ಹುಡುಗನ ಮುಖ ಸಪ್ಪಗಾಯಿತು. ಸಂಜೆ ನೋಡಿದರೆ ಗಾಜಿನ ಡಬ್ಬಿಯೊಳಗೆ ಅದನ್ನಿಟ್ಟು ಚೀಟಿ ಅಂಟಿಸಿದ್ದ: "12 ನಂಬರು. ಈಲಿ-ಕೈನಾಕ್, ಐಸಿಐ. ಮದರಾಸು. 1926ರ ನಂತರದ್ದು. ಅಜ್ಜನ ಅಪ್ಪನದು."