ಕಿವಿಯಲ್ಲಿ ಉಳಿದ ಎರಡು ಸದ್ದು

ಅಪ್ಪ ಜಾವಾ ಸ್ಟಾರ್ಟ್ ಮಾಡುವುದನ್ನು ನೋಡಲೆಂದೇ ನಾನು ಬೆಳಿಗ್ಗೆ ಬೇಗ ಏಳುತ್ತಿದ್ದೆ. ಮೊದಲು ಪೆಟ್ರೋಲಿನ ಕಾಕ್ ತಿರುಗಿಸುವುದು. ಕಾರ್ಬೊರೇಟರ್ ಮೇಲಿನ ಪುಟ್ಟ ಟಿಕ್ಲರನ್ನು ಬೆರಳಿಗೆ ಪೆಟ್ರೋಲು ತಾಗುವ ತನಕ ಒತ್ತುವುದು. ಗೇರಿನ ಲಿವರನ್ನೇ ಒಳಕ್ಕೆ ತಳ್ಳಿ ಮೇಲೆತ್ತಿದರೆ ಅದೇ ಕಿಕ್ಕರ್. ಕೀ ಹಾಕದೆಯೇ ಎರಡು ಸಲ ನಿಧಾನವಾಗಿ ತುಳಿಯುತ್ತಿದ್ದರು. ಆಮೇಲೆ ಕೀ ಹಾಕಿ ಒಂದೇ ಒದೆತ. ಎರಡೂ ಸೈಲೆನ್ಸರುಗಳಿಂದ ನೀಲಿ ಹೊಗೆ ಬಂದು ಗಾಡಿ ಮಾತಾಡತೊಡಗುತ್ತಿತ್ತು. "ಇವತ್ತು ಒಂದೇ ಕಿಕ್ಕಿಗೆ ಬಂತಲ್ರೀ" ಎಂದು ಅಮ್ಮ ಅಡುಗೆಮನೆಯಿಂದಲೇ ಹೇಳುತ್ತಿದ್ದಳು.

ಅದು ನಮ್ಮೂರಿನ ಗಾಡಿ. ಜೆಕ್ ದೇಶದ ಜಾವಾ, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗುತ್ತಿತ್ತು. ಎಪ್ಪತ್ತರ ದಶಕದಲ್ಲಿ ಅದಕ್ಕೇ ಯೆಜ್ಡಿ ಎಂಬ ಹೆಸರು ಬಂತು.

ಬೇಸಿಗೆ ರಜೆಯಲ್ಲಿ ಯಲಹಂಕದ ಸೋದರಮಾವನ ಮನೆಗೆ ಹೋದಾಗ ಅಪ್ಪ ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಜಕ್ಕೂರಿಗೆ ಕರೆದೊಯ್ದರು. ಅಲ್ಲಿ ಫ್ಲೈಯಿಂಗ್ ಸ್ಕೂಲಿನ ಪುಷ್ಪಕ್ ವಿಮಾನ ಮೂತಿ ಮೇಲೆತ್ತಿ, ಬಾಲದ ಚಕ್ರದ ಮೇಲೆ ಕುಳಿತಿತ್ತು. ಎಚ್‌ಎಎಲ್ ಬೆಂಗಳೂರಿನಲ್ಲೇ ಮಾಡಿದ ವಿಮಾನ. 1958ರಲ್ಲಿ ಮೊದಲ ಸಲ ಹಾರಿತು. ಅಕ್ಕಪಕ್ಕ ಇಬ್ಬರಿಗೆ ಜಾಗ, 90 ಅಶ್ವಶಕ್ತಿಯ ಎಂಜಿನ್. ಮೈಗೆ ತಗಡಿನ ಬದಲು ಬಟ್ಟೆ ಬಿಗಿದು ಡೋಪ್ ಎಂಬ ವಾರ್ನಿಶ್ ಬಳಿದಿದ್ದರು. ಯಾರೋ ಪುಣ್ಯಾತ್ಮರು ಹತ್ತಿರ ಬಿಟ್ಟರು. ಬಾಲದ ಬಳಿ ಬೆರಳಿನಿಂದ ತಟ್ಟಿದೆ, ಕಾಯಿಸಿದ ತಮಟೆಯ ಹಾಗೆ ನುಡಿಯಿತು.

ಆಮೇಲೆ ಕಂಡದ್ದನ್ನು ಇವತ್ತಿಗೂ ಮರೆತಿಲ್ಲ. ಖಾಕಿ ತೊಟ್ಟ ಮೆಕ್ಯಾನಿಕ್ ಪ್ರೊಪೆಲ್ಲರ್ ಮುಂದೆ ಬಂದು ನಿಂತ. "ಸ್ವಿಚ್ ಆಫ್?" ಎಂದು ಕೇಳಿದ. ಒಳಗಿನಿಂದ "ಆಫ್" ಎಂದರು. ಎಂಜಿನ್ ಪೆಟ್ರೋಲು ಎಳೆದುಕೊಳ್ಳಲೆಂದು ಪ್ರೊಪೆಲ್ಲರನ್ನು ಕೈಯಿಂದ ಮೂರು ನಾಲ್ಕು ಸಲ ನಿಧಾನವಾಗಿ ತಿರುವಿದ. ಪಾದ ಸರಿಪಡಿಸಿಕೊಂಡು, ಸ್ವಿಚ್ ಆನ್ ಮಾಡಿ ಎಂಬರ್ಥದಲ್ಲಿ "ಕಾಂಟ್ಯಾಕ್ಟ್!" ಎಂದು ಕೂಗಿ, ಎಳೆದು ಹಿಂದಕ್ಕೆ ಸರಿದ. ಎಂಜಿನ್ ಹತ್ತಿಕೊಂಡಿತು, ನಮ್ಮೆದುರಿನ ಹುಲ್ಲೆಲ್ಲ ನೆಲಕ್ಕೆ ಮಲಗಿತು. ನಾನು ಅಪ್ಪನ ಮುಖ ನೋಡಿದೆ. "ನಮ್ಮ ಗಾಡಿ ಥರಾನೇ ಅಲ್ವೇನೋ?" ಎಂದು ನಕ್ಕರು.

ಅಪ್ಪನ ಆ ಮಾತು ಎಷ್ಟು ನಿಜ ಎಂದು ತಿಳಿದದ್ದು ಗ್ಲೆನ್ ಕರ್ಟಿಸ್ ಬಗ್ಗೆ ಓದಿದಾಗ. ಅಮೆರಿಕದ ಈತ ಸೈಕಲ್ ಅಂಗಡಿಯಿಂದ ಶುರುಮಾಡಿ ಮೋಟಾರ್‌ಸೈಕಲ್ ತಯಾರಿಕೆಗೆ ಇಳಿದವನು. 1907ರಲ್ಲಿ, ಹಾರುವ ಯಂತ್ರಗಳಿಗೆಂದು ಮಾಡಿದ್ದ ಎಂಟು ಸಿಲಿಂಡರಿನ ಎಂಜಿನ್ನನ್ನು ಬೈಕಿಗೆ ಕೂರಿಸಿ, ಫ್ಲಾರಿಡಾದ ಕಡಲತೀರದಲ್ಲಿ ಗಂಟೆಗೆ 136 ಮೈಲಿ ವೇಗದಲ್ಲಿ ಓಡಿಸಿದ. ಮರುವರ್ಷವೇ ವಿಮಾನ ಹಾರಿಸಿದ. ಅವನ ಮೊದಮೊದಲ ವಿಮಾನಗಳಲ್ಲಿ ಪೈಲಟ್ ಮೈ ವಾಲಿಸಿದರೆ ಭುಜಕ್ಕೆ ಸಿಕ್ಕಿಸಿದ ಪಟ್ಟಿಯೇ ವಿಮಾನದ ಓಲಾಟವನ್ನು ಸರಿಪಡಿಸುತ್ತಿತ್ತು. ಬೈಕ್ ಸವಾರನ ಮೈಗೆ ಇದು ಎಷ್ಟು ಸಹಜ! ಕಾರು ತಿರುವಿನಲ್ಲಿ ನಮ್ಮನ್ನು ಹೊರಕ್ಕೆ ತಳ್ಳುತ್ತದೆ. ಬೈಕೂ ವಿಮಾನವೂ ನಮ್ಮನ್ನು ಜೊತೆಗೆ ಕರೆದುಕೊಂಡೇ ವಾಲುತ್ತವೆ. ಅದೇ ಕರ್ಟಿಸ್ ಹೆಸರಿನ ಹಾಕ್ ಯುದ್ಧವಿಮಾನವನ್ನು 1942ರಲ್ಲಿ ನಮ್ಮ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ಜೋಡಿಸಿ ಹಾರಿಸಿದ್ದರು.

ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ, ಯೆಜ್ಡಿ ಹೆಸರುಗಳು ಹೊಸ ಗಾಡಿಗಳ ಮೇಲೆ ಮರಳಿ ಬಂದಿವೆ, ಸಂತೋಷವೇ. ಆದರೆ ಗುಂಡಿ ಒತ್ತಿದರೆ ಅವು ಸ್ಟಾರ್ಟ್ ಆಗುತ್ತವೆ. ಇನ್ನು ವಿಮಾನದ ಮಾತಿಗೆ ಬಂದರೆ, ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಎಚ್‌ಟಿ-2 ತರಬೇತಿ ವಿಮಾನ ನಿಂತಿದೆ. ವಿನ್ಯಾಸಕ ಘಾಟಗೆಯವರ ತಂಡ ರೂಪಿಸಿದ, 1951ರಲ್ಲಿ ಹಾರಿದ ನಮ್ಮದೇ ವಿಮಾನ. ಬಣ್ಣ ಚೆನ್ನಾಗಿದೆ, ಫಲಕವೂ ಇದೆ. ಅದರ ಮುಂದೆ ನಿಂತಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಅದಕ್ಕೆ ಸದ್ದಿಲ್ಲ.

ಯಂತ್ರವನ್ನು ಗಾಜಿನ ಮನೆಯಲ್ಲಿಟ್ಟು ಕಾಪಾಡಬಹುದು. ಅದನ್ನು ಬಲ್ಲ ಕೈಯನ್ನು ಎಲ್ಲಿಡುವುದು? ನಮ್ಮ ಜಾವಾ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಓಡುವ ಎಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರ್ ಆನಿಸಿ, ಅದರ ಹಿಡಿಗೆ ಕಿವಿಗೊಟ್ಟು ಕಣ್ಣು ಮುಚ್ಚುತ್ತಿದ್ದರು. "ಬೇರಿಂಗ್ ಅಳ್ತಾ ಇದೆ ಸ್ವಾಮಿ" ಎಂದರೆ ಬಿಚ್ಚಿ ನೋಡುವ ಅಗತ್ಯವಿರಲಿಲ್ಲ. ಪಾಯಿಂಟಿನ ಗ್ಯಾಪನ್ನು ಕಣ್ಣಳತೆಯಲ್ಲೇ ಕೂರಿಸುತ್ತಿದ್ದರು. ಅವರು ಹೋಗಿ ಆರು ವರ್ಷವಾಯಿತು. ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ವಿಮಾನದ ಬಟ್ಟೆ ಹೊಲಿದು ಡೋಪ್ ಬಳಿಯುತ್ತಿದ್ದ ಕೈಗಳ ಕಥೆಯೂ ಇದೇ ಇರಬೇಕು. ಅಪ್ಪನ ಜಾವಾ ನನ್ನ ಬಳಿಯೇ ಇದೆ. ಈಗ ಐದಾರು ಕಿಕ್ ಬೇಕು. ಕೆಲವು ದಿನ ಏನು ಮಾಡಿದರೂ ಏಳುವುದಿಲ್ಲ.

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಹಳೆಯ ಗಾಡಿಗಳೆಲ್ಲ ಅಂದು ಬೀದಿಗಿಳಿಯುತ್ತವೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಫೋಟೊ ತೆಗೆದುಕೊಂಡು ಬಂದುಬಿಡಬೇಡಿ. ಯಾರಾದರೂ ಹಿರಿಯ ಸವಾರರನ್ನು ಕೇಳಿ, ಮಗುವಿನ ಪಾದ ಕಿಕ್ಕರ್ ಮೇಲಿಡಿಸಿ, ಒಂದು ಸಲ ತುಳಿಸಿ.