ಎದೆಯ ಮರ್ಜಿ, ಸೊಪ್ಪಿನ ಲೆಕ್ಕ

ಈಗ ನಮ್ಮ ಬೀದಿಯಲ್ಲೇ ಅತ್ಯಂತ ಶಿಸ್ತಿನ ಮನುಷ್ಯ ನಾನು. ರಾತ್ರಿ ಎಂಟಕ್ಕೆ ಮಾತ್ರೆ, ಹೊತ್ತು ಹೊತ್ತಿಗೆ ಊಟ, ಇಂತಿಷ್ಟೇ ಸೊಪ್ಪು. ಇದಕ್ಕೆಲ್ಲ ಕಾರಣ, ಯಾವ ಶಿಸ್ತೂ ಇಲ್ಲದ ನನ್ನ ಎದೆ.

ಚಿಕ್ಕಂದಿನಲ್ಲಿ ಗಂಟಲುನೋವಿನ ಬೆನ್ನಿಗೇ ಬಂದ ರುಮ್ಯಾಟಿಕ್ ಜ್ವರ ಕೀಲುಗಳನ್ನು ಬಿಟ್ಟುಹೋದರೂ ಹೃದಯದ ಮೈಟ್ರಲ್ ಕವಾಟವನ್ನು ಬಿಡಲಿಲ್ಲ. ಕವಾಟ ಕಿರಿದಾಯಿತು, ಅದರ ಹಿಂದಿನ ಕೋಣೆ ಹಿಗ್ಗಿತು, ನಡುವಯಸ್ಸಿಗೆ ಏಟ್ರಿಯಲ್ ಫಿಬ್ರಿಲೇಷನ್ ಹಾಜರಾಯಿತು. ಮೇಲಿನ ಕೋಣೆಗಳು ಬಡಿಯುವುದನ್ನು ಬಿಟ್ಟು ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ ಬರಿದೆ ಅದುರುತ್ತವೆ. ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ಮೂರು ಬಡಿತ ಓಡಿಬರುತ್ತವೆ, ನಾಲ್ಕನೆಯದು ಬರಲೋ ಬೇಡವೋ ಎಂದು ನಿಲ್ಲುತ್ತದೆ, ಐದನೆಯದು ಅದನ್ನು ತಳ್ಳಿಕೊಂಡೇ ಬರುತ್ತದೆ. ಅದುರುವ ಕೋಣೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು.

ಅದನ್ನು ತಡೆಯಲು ವಾರ್ಫರಿನ್. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ನಿಲ್ಲದೆ ಸತ್ತವು. ವಿಸ್ಕಾನ್ಸಿನ್‌ನ ಕಾರ್ಲ್ ಪಾಲ್ ಲಿಂಕ್ ತಂಡ ಅದಕ್ಕೆ ಕಾರಣವಾದ ವಸ್ತುವನ್ನು ಬೇರ್ಪಡಿಸಿತು. ಅದರ ಜಾಡಿನಲ್ಲೇ ಹುಟ್ಟಿದ ವಾರ್ಫರಿನ್ 1948ರಲ್ಲಿ ಪೇಟೆಗೆ ಬಂದದ್ದು ಇಲಿಪಾಷಾಣವಾಗಿ. ಮನುಷ್ಯರಿಗೆ ಮದ್ದಾದದ್ದು ಆಮೇಲೆ. ಈ ಕಥೆ ಕೇಳಿದ ನಮ್ಮತ್ತೆ, “ಹಾಗಾದ್ರೆ ಅಟ್ಟದ ಮೇಲೂ ಒಂದೆರಡು ಇಡಿ ಅಳಿಯಂದ್ರೆ” ಎಂದರು.

ಈ ಮಾತ್ರೆಗೆ ಎದುರಾಳಿ ವಿಟಮಿನ್ ಕೆ. ಅದರ ಠಾಣೆ ಸೊಪ್ಪು. ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕಿ 2ರಿಂದ 3ರ ನಡುವೆ ಇರಬೇಕು. ಇಳಿದರೆ ಹೆಪ್ಪಿನ ಭಯ, ಏರಿದರೆ ರಕ್ತಸ್ರಾವದ ಭಯ. ಡಾಕ್ಟರು ಸೊಪ್ಪು ಬಿಡಿ ಅನ್ನಲಿಲ್ಲ, “ದಿನಾ ಒಂದೇ ಸಮ ತಿನ್ನಿ” ಅಂದರು. ಬಿಡುವುದಾದರೆ ಹೇಗೋ ಬಿಟ್ಟೇನು. ಒಂದೇ ಸಮ ತಿನ್ನುವುದಿದೆಯಲ್ಲ, ಅದು ತಪಸ್ಸು. ಮಳೆಗಾಲದಲ್ಲಿ ದಂಟು ಅಗ್ಗವಾಗಿ ಮನೆಯೆಲ್ಲ ಬಸ್ಸಾರು ಘಮಘಮಿಸುವಾಗ, “ರೀ, ನಿಮಗೆ ಎರಡೇ ಸೌಟು” ಎಂದು ಹೆಂಡತಿ ಪಾತ್ರೆ ಆಚೆ ಸರಿಸುತ್ತಾಳೆ. ಏಕಾದಶಿಯ ಉಪವಾಸಕ್ಕೂ ನೆಂಟರ ಕಷಾಯಕ್ಕೂ ಕೈಮುಗಿದಾಯಿತು. ಮಂಡಿ ನೋವಿಗೆ ಡೈಕ್ಲೋಫೆನಾಕ್ ನುಂಗುವಂತಿಲ್ಲ. ಇಷ್ಟು ಲೆಕ್ಕ ಕೇಳದ ಹೊಸ ಮಾತ್ರೆಗಳು ಬಂದಿವೆ ನಿಜ. ಆದರೆ ನನ್ನಂಥ ರುಮ್ಯಾಟಿಕ್ ಹೃದಯದವರಿಗೆ ಹಳೆಯ ಬಗೆಯದೇ ಮೇಲೆಂದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೇ ತೋರಿಸಿತು.

ಗಡ್ಡ ಹೆರೆಯುವಾಗ ಚೂರು ತಾಗಿದರೆ, ಪಟಿಕ ಒತ್ತಿಕೊಂಡು ಪೇಪರು ಓದಿ ಮುಗಿಸಿದರೂ ರಕ್ತ ಜಿನುಗುತ್ತಲೇ ಇರುತ್ತದೆ. ಬಾಗಿಲ ಚಿಲಕ ತಗುಲಿದ ಮುಂಗೈ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಮೆಟೊಪ್ರೊಲಾಲ್ ಎಂಬ ಇನ್ನೊಂದು ಮಾತ್ರೆ ಬಡಿತದ ಓಟವನ್ನು ತಗ್ಗಿಸಿತು, ಜೊತೆಗೆ ನನ್ನ ಓಟವನ್ನೂ. ಮೆಟ್ಟಿಲು ಹತ್ತಿದರೆ ಕಾಲು ಸೀಸ, ಕೈ ತಣ್ಣಗೆ. ರಾತ್ರಿಯ ಕನಸುಗಳಿಗೆ ಮಾತ್ರ ಎಲ್ಲಿಲ್ಲದ ಹುರುಪು.

ಈ ಬಡಿತ ಇನ್ನು ಹಳೆಯ ಲಯಕ್ಕೆ ಮರಳುವುದಿಲ್ಲ. ತೀರಾ ಓಡದಿರಲಿ, ಹೆಪ್ಪುಗಟ್ಟದಿರಲಿ ಎಂಬಷ್ಟಕ್ಕೇ ಈ ಎಲ್ಲ ಮದ್ದು. ಹಠಮಾರಿ ದೊಡ್ಡಪ್ಪನನ್ನು ತಿದ್ದಲು ಹೋಗದೆ ಮನೆಮಂದಿಯೇ ಹೊಂದಿಕೊಂಡು ಹೋಗುತ್ತಾರಲ್ಲ, ಹಾಗೆ ನಾವೂ ನಡೆಯುತ್ತಿದ್ದೇವೆ. ಅಂಕಿ ಎರಡೂವರೆಯ ಆಸುಪಾಸಿಗೆ ಬಂದ ದಿನ ಡಾಕ್ಟರು ಮಾತ್ರೆಯ ಡೋಸ್ ಸರಿಹೋಯಿತೆಂದು ಬರೆದುಕೊಳ್ಳುತ್ತಾರೆ. ಹೆಂಡತಿ ಅದನ್ನು ಒಪ್ಪುವುದಿಲ್ಲ; ಅವಳ ಪ್ರಕಾರ ಅದು ಸೌಟಿನ ಡೋಸ್.