ಕೆಲಸ ಹೋಯ್ತು, ಕಸುಬು ಉಳೀತು

ಬ್ಲಾಗಿಗೆ ಬೀಗ ಹಾಕಿ ಏಳು ತಿಂಗಳಾಗಿತ್ತು. ಪಾಸ್‌ವರ್ಡೇ ಮರೆತುಹೋಗಿತ್ತು ನೋಡಿ! ಇವತ್ತು ಮತ್ತೆ ಬರೆಯೋಕೆ ಕೂತಿದ್ದಕ್ಕೆ ಒಂದು ಕಾರಣ ಇದೆ. ಎರಡು ತಿಂಗಳ ಹಿಂದೆ ನನ್ನ ಕೆಲಸ ಹೋಯ್ತು.

ಗಾಬರಿಯಾಗಬೇಡಿ, ಇದು ಗೋಳಿನ ಪೋಸ್ಟ್ ಅಲ್ಲ. ಕಂಪನಿ ಹೆಸರೂ ಬೇಡ. ಹದಿನೈದು ನಿಮಿಷದ ಒಂದು ವಿಡಿಯೋ ಕಾಲ್, ಕೊನೆಗೊಂದು ‘ಟೇಕ್ ಕೇರ್’, ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪ್ ಲಾಕ್. ಅಷ್ಟೇ. ಹನ್ನೆರಡು ವರ್ಷ ಯುಎಕ್ಸ್ ಡಿಸೈನರ್ ಆಗಿದ್ದೆ.

ಗೊತ್ತಿಲ್ಲದವರಿಗೆ ಒಂದು ಮಾತು: ಯುಎಕ್ಸ್ ಅಂದ್ರೆ ಯೂಸರ್ ಎಕ್ಸ್‌ಪೀರಿಯನ್ಸ್. ಆಪು, ವೆಬ್‌ಸೈಟು, ಎಟಿಎಂ, ಯಾವುದೇ ಇರಲಿ, ಬಳಸುವವರಿಗೆ ತೊಡಕಾಗದ ಹಾಗೆ ರೂಪಿಸೋ ಕೆಲಸ. 1993ರಲ್ಲಿ ಆಪಲ್ ಸೇರಿದ ಡಾನ್ ನಾರ್ಮನ್ ತಮ್ಮ ಹುದ್ದೆಗೆ ಈ ಹೆಸರು ಸೇರಿಸಿಕೊಂಡರು, ಅಲ್ಲಿಂದ ಅದು ಜಗತ್ತಿಗೆಲ್ಲ ಹಬ್ಬಿತು. ಆ ಮನುಷ್ಯ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಆಮೇಲೆ ಮನಶ್ಶಾಸ್ತ್ರ. ಅಂದ್ರೆ ಈ ದಾರಿಗೆ ಹೆಸರಿಟ್ಟವರೇ ಬೇರೆ ದಾರಿಯಿಂದ ಬಂದವರು. ಇದು ನನಗೆ ನೆನಪಾಗಿದ್ದು ಕೆಲಸ ಹೋದ ಮೇಲೆ :-)

ಸಲಹೆಗಳಿಗೇನು ಬರವಿರಲಿಲ್ಲ. ಪ್ರಾಡಕ್ಟ್ ಮ್ಯಾನೇಜರ್ ಆಗು ಅಂದಳು ಒಬ್ಬಳು. ಡಿಸೈನ್ ಕಾಲೇಜಲ್ಲಿ ಪಾಠ ಮಾಡು ಅಂದ ಇನ್ನೊಬ್ಬ. ಎಐ ಕಲಿ, ಇಲ್ದಿದ್ರೆ ಮುಗೀತು ಅಂದವರಂತೂ ಲೆಕ್ಕವಿಲ್ಲ. ಈ ಎಐ ಭವಿಷ್ಯ ನಮ್ಮ ಮೈಲಾರದ ಕಾರಣಿಕದ ಹಾಗೆ. ಗೊರವಯ್ಯ ಬಿಲ್ಲೇರಿ ಹೇಳೋದು ಒಂದೇ ಸಾಲು, ಅರ್ಥ ಮಾತ್ರ ಅವರವರ ಭಯಕ್ಕೆ ತಕ್ಕಂತೆ.

ತಲೆ ಕೆಟ್ಟು ಊರಿಗೆ ಹೋದೆ. ನಮ್ಮೂರು ಹಿರೇಹಡಗಲಿ, ಹೂವಿನಹಡಗಲಿ ತಾಲ್ಲೂಕು. ಮೊದಲು ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ. ಅಪ್ಪ ಎರಡು ದಿನ ಏನೂ ಕೇಳಲಿಲ್ಲ. ಮೂರನೇ ದಿನ ಚಹಾ ಕುಡಿಯುತ್ತಾ,

“ಅಲ್ಲವ್ವಾ, ಇಷ್ಟ್ ವರ್ಷ ನೀ ಮಾಡ್ತಿದ್ದ ಕೆಲ್ಸ ಏನಂತ ಯಾರರ ಕೇಳಿದ್ರ ನಾ ಕಂಪ್ಯೂಟರ್ ಅಂತಿದ್ದೆ. ಈಗ ಖರೇ ಹೇಳು, ಏನ್ ಕೆಲ್ಸ ಅದು?”

ಹನ್ನೆರಡು ವರ್ಷದ ಅನುಭವ ಇಟ್ಟುಕೊಂಡು ತಡವರಿಸಿದೆ. “ಮಂದಿಗೆ ತ್ರಾಸ್ ಆಗದಂಗ ನೋಡಿಕೊಳ್ಳೋದಪ್ಪಾ” ಅಂದೆ. ಅಪ್ಪ ನಕ್ಕು, “ಹಂಗಾರ ನಿನ್ ತಮ್ಮ ಮಾಡದೂ ಅದನ್ನ ಅಲಾ” ಅಂದರು.

ತಮ್ಮ ಅಂದ್ರೆ ಚಿಕ್ಕಪ್ಪನ ಮಗ. ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಅರ್ಜಿ ತುಂಬೋದು, ಪಹಣಿ ತೆಗೆಯೋದು, ಪಾಸ್‌ಪೋರ್ಟ್ ಸೈಜ್ ಫೋಟೋ, ರೀಚಾರ್ಜ್, ಎಲ್ಲಾ ಅಲ್ಲೇ. ಹೋಗಿ ಕೂತೆ. ಒಂದು ದಿನ ಅಂತ ಹೋದವಳು ಹನ್ನೊಂದು ದಿನ ಕೂತೆ.

ಎರಡನೇ ದಿನವೇ ಒಬ್ಬ ಅಜ್ಜಿ ಬಂದರು, ಕೈಯಲ್ಲಿ ಮೊಮ್ಮಗನ ಫೋನು. ಮನೆಯಲ್ಲೇ ಯಾವುದೋ ಅರ್ಜಿ ತುಂಬೋಕೆ ಹೋಗಿದ್ದಾನೆ, ಪರದೆ ಮೇಲೆ ಕೆಂಪಕ್ಷರದಲ್ಲಿ ‘ಅಮಾನ್ಯ ನಮೂದು’ ಅಂತ ಬಂದಿದೆ. ಅಜ್ಜಿಗೆ ಅಮಾನ್ಯ ಅನ್ನೋ ಪದ ಗೊತ್ತಿರೋದು 2016ರ ನೋಟು ಅಮಾನ್ಯದಿಂದ. “ನನ್ ರೊಕ್ಕ ಹೋತನಪಾ?” ಅಂತ ಕೇಳುವಾಗ ಕೈ ನಡುಗುತ್ತಿತ್ತು.

ಆಗಿದ್ದೇನು ಗೊತ್ತಾ? ಮೊಬೈಲ್ ನಂಬರಲ್ಲಿ ಒಂದು ಅಂಕಿ ಬಿಟ್ಟುಹೋಗಿತ್ತು. ‘ನಂಬರಿನಲ್ಲಿ ಹತ್ತು ಅಂಕಿ ಇರಬೇಕು, ಒಂದು ಕಡಿಮೆ ಇದೆ’ ಅಂತ ಬರೆದಿದ್ದರೆ ಆ ಅಜ್ಜಿ ಬಿಸಿಲಲ್ಲಿ ನಡೆದು ಬರಬೇಕಿರಲಿಲ್ಲ. ನಾನು ಕೆಲಸ ಮಾಡಿದ ಆಪುಗಳಲ್ಲೂ ಇಂಥ ಸಾಲು ಇದ್ದಿರಬಹುದು. ಇಂಗ್ಲಿಷಿನಲ್ಲಿ ತಿದ್ದಿ ತೀಡಿ, ಕೊನೇ ವಾರದಲ್ಲಿ ಕನ್ನಡಕ್ಕೆ ಕಳಿಸಿ, ವಾಪಸ್ ಬಂದದ್ದನ್ನು ಓದದೇ ಹಾಕಿದ್ದು ನೆನಪಾಗಿ ಮುಖ ಎತ್ತಲಾಗಲಿಲ್ಲ.

ತಮ್ಮನ ಅಂಗಡಿ ಗೋಡೆ ಮೇಲೆ ಸ್ಕೆಚ್ ಪೆನ್ನಲ್ಲಿ ಬರೆದ ಒಂದು ಹಾಳೆ ಇದೆ. ‘ಆಧಾರ್ ತರ್ರಿ. ಪಾಸ್‌ಬುಕ್ ತರ್ರಿ. ಓಟಿಪಿ ಬರೋ ಫೋನ್ ತರ್ರಿ. ಫೋನ್ ಮಗನ ಹತ್ರ ಇದ್ರೆ ಮಗನ್ನೂ ಕರ್ಕೊಂಡು ಬರ್ರಿ.’ ನನ್ನ ಡಿಸೈನರ್ ಕೈ ಸುಮ್ಮನಿರಬೇಕಲ್ಲ! ಒಳ್ಳೆ ಬಣ್ಣ, ಐಕಾನು, ಮೇಲೆ ‘ಅಗತ್ಯ ದಾಖಲೆಗಳು’ ಅಂತ ತಲೆಬರಹ ಹಾಕಿ ಪ್ರಿಂಟ್ ತೆಗೆದು ಅಂಟಿಸಿದೆ. ಎರಡು ದಿನ ನೋಡಿದೆ. ಬಂದವರೆಲ್ಲ ಅದರ ಮುಂದೆ ನಿಂತೇ “ಏನೇನ್ ತರ್ಬೇಕಪಾ?” ಅಂತ ಕೇಳಿದರು. ಮೂರನೇ ದಿನ ತಮ್ಮ, “ಅಕ್ಕಾ, ಬ್ಯಾಸರ ಮಾಡ್ಕೋಬ್ಯಾಡ” ಅಂತ ಹಳೇ ಹಾಳೆ ಹಾಕಿದ. ಕೇಳೋದು ನಿಂತಿತು. ಮಗನ್ನ ಕರ್ಕೊಂಡು ಬರೋ ಆ ನಾಲ್ಕನೇ ಸಾಲು ನನಗೆ ಯಾವ ಜನ್ಮಕ್ಕೂ ಹೊಳೀತಿರಲಿಲ್ಲ. ಅದು ದಿನಾ ಪಕ್ಕದಲ್ಲಿ ಕೂತು ನೋಡಿದವನಿಗೆ ಹೊಳೆಯೋದು.

ಅವತ್ತು ಸಂಜೆ ಕಲ್ಲೇಶ್ವರ ಗುಡಿಗೆ ಹೋದೆ. ಚಾಲುಕ್ಯರ ಒಂದನೇ ಸೋಮೇಶ್ವರನ ಕಾಲದ, 1057ರ ಸುಮಾರಿನ ಗುಡಿ. ಹೊರಗೋಡೆಯ ಕೆತ್ತನೆ ನೋಡುತ್ತಾ ಕೂತಾಗ ನೆನಪಾಗಿದ್ದು ಗುಡಿಗಿಂತಲೂ ಹಳೆಯ ಒಂದು ದಾಖಲೆ. ಪಲ್ಲವ ರಾಜ ಶಿವಸ್ಕಂದವರ್ಮನ ತಾಮ್ರಪಟಗಳು ಸಿಕ್ಕಿದ್ದು ನಮ್ಮೂರಲ್ಲೇ. ನಾಲ್ಕನೇ ಶತಮಾನದ ಸುಮಾರಿನವು, ಭಾಷೆ ಪ್ರಾಕೃತ. ಅದೊಂದು ದಾನಪತ್ರ, ಅಂದ್ರೆ ಜಮೀನಿನ ಕಾಗದ. ಇದು ಯಾರ್‍ಯಾರಿಗೆ ತಿಳಿಯಬೇಕು ಅಂತ ರಾಜಕುಮಾರ, ಸೇನಾಪತಿಯಿಂದ ಹಿಡಿದು ದನ ಕಾಯುವವರ ತನಕ ಪಟ್ಟಿ ಇದೆ. ಯಾರಿಗೆ ಎಷ್ಟು ಪಾಲು ಅಂತ ಹೆಸರಿಟ್ಟು ಹೇಳಿದೆ. ಆ ಜಾಗದಿಂದ ಉಪ್ಪು ಬೆಲ್ಲ, ಹಾಲು ಮೊಸರು, ಹುಲ್ಲು ಸೌದೆ, ತರಕಾರಿ ಹೂವು ಯಾವುದನ್ನೂ ವಸೂಲಿ ಮಾಡಬಾರದು ಅಂತ ಬಿಡಿಸಿ ಬಿಡಿಸಿ ಬರೆದಿದೆ. ‘ಎಲ್ಲ ವಿನಾಯಿತಿಗಳೂ ಅನ್ವಯ’ ಅಂತ ಒಂದೇ ಸಾಲಲ್ಲಿ ಮುಗಿಸಿಲ್ಲ. ಎಲ್ಲಿ ತಕರಾರು ಬರುತ್ತೆ ಅಂತ ಬರೆದವನಿಗೆ ಗೊತ್ತಿತ್ತು. ಅವನ ಹುದ್ದೆಯ ಹೆಸರು ಏನಾದರೂ ಇರಲಿ, ಕಸುಬು ನನ್ನದೇ!

ಇನ್ನೂ ಹತ್ತಿರದ ಉದಾಹರಣೆ ಬೇಕಾದ್ರೆ, ನೀವು ಕಾಮೆಂಟು ಕುಟ್ಟೋ ಕೀಲಿಮಣೆ ನೋಡಿ. ಕಿನ್ನಿಕಂಬಳದ ಕೆ.ಪಿ. ರಾವ್ ಅಚ್ಚಿನ ಅಕ್ಷರಗಳ ಲೋಕದಲ್ಲಿ ಕೆಲಸ ಮಾಡಿದವರು. ನೂರಾರು ಗುಣಿತ, ಒತ್ತಕ್ಷರಗಳನ್ನೆಲ್ಲ ಕೀಲಿಗಳ ಮೇಲೆ ತುಂಬುವ ಬದಲು, ಕನ್ನಡ ಬಾಯಲ್ಲಿ ಹೇಗೆ ಹುಟ್ಟುತ್ತೋ ಹಾಗೆ ಜೋಡಿಸಿದರು. ವ್ಯಂಜನ, ಸ್ವರ, ಒತ್ತಿಗೊಂದು ಕೀಲಿ, ಮುಗೀತು. ಕರ್ನಾಟಕ ಸರ್ಕಾರ ಅದನ್ನೇ ಅಧಿಕೃತ ಮಾಡಿತು. ನಾವೆಲ್ಲ ಇಲ್ಲಿ ಬ್ಲಾಗು ಬರೆಯೋದರ ಹಿಂದೆ ಅಂಥ ಕೆಲಸ ಇದೆ. ಅವರನ್ನೂ ಯಾರೂ ಯುಎಕ್ಸ್ ಡಿಸೈನರ್ ಅನ್ನಲಿಲ್ಲ.

ಹಾಗಾದ್ರೆ ಮುಂದೇನು? ಊರಿಂದ ಬಂದವಳು ಒಂದು ಹಾಳೆ ತಗೊಂಡು ಬರೆದೆ. ಪ್ರಾಡಕ್ಟ್ ಮ್ಯಾನೇಜರ್: ಸಂಬಳ ಚೆನ್ನಾಗಿದೆ, ಆದರೆ ದಿನವೆಲ್ಲ ಮೀಟಿಂಗು, ಬಳಸುವವರ ಮುಖ ಕಾಣಲ್ಲ. ಪಾಠ: ಇಷ್ಟ, ಮೊದಲು ಕಲಿಸೋಕೆ ಏನಾದರೂ ಗಟ್ಟಿಯಾಗಿ ಇರಬೇಕು. ಸಂಶೋಧನೆ, ಅಂದ್ರೆ ಜನರ ಪಕ್ಕ ಕೂತು ನೋಡೋದು: ತುಂಬಾ ಇಷ್ಟ, ಅವಕಾಶ ಕಡಿಮೆ. ಕನ್ನಡದಲ್ಲಿ ಆಪಿನ ಮಾತು ಬರೆಯೋದು: ನನಗೆ ಬರುತ್ತೆ, ಅದಕ್ಕೆ ಬೇರೆ ದುಡ್ಡು ಕೊಡಬೇಕು ಅಂತ ಅನೇಕರಿಗೆ ಅನ್ನಿಸಿಲ್ಲ. ಕೊನೆಗೆ ಅಕ್ಸೆಸಿಬಿಲಿಟಿ, ಕಣ್ಣು ಕಾಣದವರು, ಕೈ ನಡುಗುವವರು ಕೂಡ ಬಳಸೋ ಹಾಗೆ ಮಾಡೋದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಕೇಳುತ್ತೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಎಲ್ಲರಿಗೂ ಎಟುಕಬೇಕಾದ್ದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತಲೇ ಹೇಳಿತು. ಕೆಲಸ ಬೇಕಾದಷ್ಟಿದೆ, ಕಲಿಯೋದೂ ಬೇಕಾದಷ್ಟಿದೆ.

ಸದ್ಯ ಕೊನೆಯ ಎರಡನ್ನೂ ಸೇರಿಸಿ ಒಂದು ಕಾಂಟ್ರಾಕ್ಟ್ ಹಿಡಿದಿದ್ದೀನಿ. ಒಂದು ಆಪಿನ ಕನ್ನಡ ಸಾಲುಗಳನ್ನು ಮತ್ತೆ ಬರೆಯಬೇಕು, ಫೋನು ಅದನ್ನು ಜೋರಾಗಿ ಓದಿದಾಗ ಕೇಳಿದವರಿಗೆ ತಿಳಿಯುತ್ತಾ ನೋಡಬೇಕು. ಮೂರು ತಿಂಗಳು. ದುಡ್ಡು ಹಳೇ ಸಂಬಳದ ಅರ್ಧಕ್ಕಿಂತ ಕಡಿಮೆ. ಮನೆ ಸಾಲದ ಕಂತು ಮಾತ್ರ ಅಷ್ಟೇ ಇದೆ. ನಮ್ಮನೆಯವರು “ಮೂರು ತಿಂಗಳು ನೋಡೋಣ” ಅಂದಿದ್ದಾರೆ. ನಾಲ್ಕನೇ ತಿಂಗಳ ಬಗ್ಗೆ ಇಬ್ಬರೂ ಮಾತಾಡ್ತಿಲ್ಲ. ರಾತ್ರಿ ಎರಡಕ್ಕೆ ಎಚ್ಚರವಾದರೆ ಧೈರ್ಯವೆಲ್ಲ ಎಲ್ಲಿ ಹೋಗುತ್ತೋ ಗೊತ್ತಿಲ್ಲ.

ಆದರೂ ಮೊದಲ ದಿನ ನಾನು ಅಳಿಸಿದ ಮೊದಲ ಪದ ಯಾವುದು ಹೇಳಿ ನೋಡೋಣ? ಅದೇ, ‘ಅಮಾನ್ಯ’. ಹೊಸ ಸಾಲು ಬರೆದು ತಮ್ಮನಿಗೆ ಕಳಿಸಿ, ಅಂಗಡಿಗೆ ಬಂದವರಿಗೆ ಓದಿ ಹೇಳು ಅಂದೆ. ಸಂಜೆ ಅವನ ಮೆಸೇಜು ಬಂತು: “ತಿಳಿತೈತಕ್ಕಾ. ಆದ್ರ ಇನ್ನೊಂಚೂರು ಸಣ್ಣದು ಮಾಡು.”

ಮಾಡ್ತಾ ಇದ್ದೀನಿ.

ನಿಮ್ಮಲ್ಲಿ ಯಾರಾದರೂ ನಡು ವಯಸ್ಸಲ್ಲಿ ದಾರಿ ಬದಲಿಸಿದವರಿದ್ದರೆ ಕಾಮೆಂಟಲ್ಲಿ ಹೇಳಿ. ನಾಲ್ಕನೇ ತಿಂಗಳು ಹೇಗೆ ಕಳೆದಿರಿ ಅನ್ನೋದನ್ನೂ ಮರೀದೇ ಬರೀರಿ :-)